ಆರ್ಸಿ ಕೊಡು ಅಂದ ಟೈಲರಕ್ಕ

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಮದುವೆಯಾದ ಹೊಸದರಲ್ಲಿ ಹೊಲಿಗೆ ಮೆಷಿನ್ನಿನ ಸೂಜಿ ಉಗುರನ್ನು ತೂರಿಕೊಂಡು ಹೋಗಿತ್ತಂತೆ. ಗಾಯ ಮಾಯಿತು, ಉಗುರು ಮಾತ್ರ ಮತ್ತೆ ಒಂದಾಗಿ ಬೆಳೆಯಲಿಲ್ಲ. ಬೇರೆಯವರಾಗಿದ್ದರೆ ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದರೇನೋ. ಅವರು ಅದನ್ನೇ ಒಂದು ಸಲಕರಣೆ ಮಾಡಿಕೊಂಡಿದ್ದರು. ಕಾಗದ ಮಡಿಸಿ ಆ ಉಗುರಿನಿಂದ ಒಂದು ಸಲ ಎಳೆದರೆ ಮಡಿಕೆ ಇಸ್ತ್ರಿ ಹಾಕಿದ ಹಾಗೆ ಕೂರುತ್ತಿತ್ತು. ಪಟ ಮೇಲೇರಿದ ಮೇಲೆ ದಾರವನ್ನು ಆ ಸೀಳಿನಲ್ಲಿ ಹಾಯಿಸಿಕೊಂಡು ನಿಲ್ಲುತ್ತಿದ್ದರು. ಪಟ ಎಡಕ್ಕೆ ವಾಲುತ್ತಿದೆಯೋ ಬಲಕ್ಕೆ ವಾಲುತ್ತಿದೆಯೋ ತಲೆಯೆತ್ತಿ ನೋಡದೆಯೇ ಹೇಳುತ್ತಿದ್ದರು. “ಉಗುರೇ ಏಳ್ತದೆ ಕಣ್ಲಾ, ನಾನೇನ್ ನೋಡೋದು,” ಅನ್ನುತ್ತಿದ್ದರು.

ಭಾರತೀನಗರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಮನೆ. ದೊಡ್ಡವರಿಗೆ ಟೈಲರಮ್ಮ, ನಮಗೆ ಟೈಲರಕ್ಕ. ಗಂಡ ಲಾರಿ ಓಡಿಸುತ್ತಿದ್ದರು, ತಿಂಗಳಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಮಗಳನ್ನು ಮಳವಳ್ಳಿಗೆ ಕೊಟ್ಟಿದ್ದರು. ಜಗಲಿಯ ಮೇಲೆ ತುಳಿಯುವ ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಹಲಗೆ, ಗೋಡೆಯ ಮೊಳೆಗೆ ಚುಚ್ಚಿದ ಅಳತೆ ಚೀಟಿಗಳು. ಇಡೀ ಬೀದಿಯ ಹೆಂಗಸರ ತೋಳು, ಬೆನ್ನು, ಸುತ್ತಳತೆ ಆ ಮೊಳೆಯಲ್ಲಿ ನೇತಾಡುತ್ತಿದ್ದವು. ಆದರೆ ಒಂದು ಚೀಟಿಯ ಮೇಲೂ ಹೆಸರಿರುತ್ತಿರಲಿಲ್ಲ. ಒಂದರ ಮೇಲೆ ಕೋಳಿ, ಒಂದರ ಮೇಲೆ ಬಿಂದಿಗೆ, ಒಂದರ ಮೇಲೆ ಛತ್ರಿ, ಹೀಗೆ ಅವರೇ ಬರೆದ ಗುರುತು. ಯಾಕಕ್ಕ ಎಂದರೆ, “ಒಬ್ರ ಅಳತೆ ಇನ್ನೊಬ್ರಿಗೆ ಯಾಕ್ ಗೊತ್ತಾಗ್ಬೇಕು?” ಅನ್ನುತ್ತಿದ್ದರು.

ಈಗ ವ್ಯಾಪಾರಸ್ಥನ ಕಣ್ಣಲ್ಲಿ ನೋಡಿ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೊಸೆಯರೆಲ್ಲ ತವರಿಗೆ ಹೋಗಿರುತ್ತಾರೆ. ರವಿಕೆ ಹೊಲಿಸುವವರು ಯಾರು? ಹೊಲಿಗೆಯವರಿಗೆ ಅದು ನೊಣ ಹೊಡೆಯುವ ತಿಂಗಳು. ಅದೇ ತಿಂಗಳು ನಮ್ಮ ಕಡೆ ಪಡುವಣದ ಗಾಳಿ ಕಬ್ಬಿನ ಗದ್ದೆಗಳನ್ನು ಮಲಗಿಸಿಕೊಂಡು ಬರುತ್ತದೆ. ಕೆಲಸವಿಲ್ಲದ ಮೆಷಿನ್ನು, ಬೇಕಾದಷ್ಟು ಗಾಳಿ, ಬೀದಿಯಲ್ಲಿ ಧೂಳೆಬ್ಬಿಸಿಕೊಂಡು ಬಿದ್ದಿರುವ ಹುಡುಗ ಹುಡುಗಿಯರು. ಈ ಮೂರನ್ನೂ ಒಂದು ಜಗಲಿಗೆ ತಂದು ಕೂರಿಸಿದ್ದು ಟೈಲರಕ್ಕನ ಬುದ್ಧಿ. ನನ್ನ ಅಂಗಡಿಗೆ ಕೆಲಸ ಕೇಳಿಕೊಂಡು ಬಂದವರನ್ನು ನಾನು ಇವತ್ತಿಗೂ ಮೊದಲು ಕೇಳುವುದು, “ಕೆಲಸ ಇಲ್ಲದ ದಿನ ಏನು ಮಾಡುತ್ತೀಯಪ್ಪ?” ಎಂದೇ. ನೀವೂ ಕೇಳಿ ನೋಡಿ. ಸರ್ಟಿಫಿಕೇಟು ಹೇಳದ್ದನ್ನು ಆ ಉತ್ತರ ಹೇಳುತ್ತದೆ.

ನಾನು ಅಲ್ಲಿಗೆ ಸೇರಿಕೊಂಡದ್ದು ಅಮ್ಮನ ರವಿಕೆ ತರಲು ಹೋದಾಗ. ಆಗ ನನಗೆ ಹದಿಮೂರು. ಜಗಲಿಯ ಮೇಲೆ ಎಂಟೊಂಬತ್ತು ಜನ ಪಟ ಕಟ್ಟುತ್ತ ಕೂತಿದ್ದರು, ಎಲ್ಲರೂ ನನ್ನ ಶಾಲೆಯವರೇ. ರವಿಕೆ ಇಸ್ಕೊಂಡು ಹೋಗುವವನು ಸಂಜೆಯವರೆಗೆ ಅಲ್ಲೇ ಕೂತೆ. ಅಮ್ಮ ಹುಡುಕಿಕೊಂಡು ಬಂದು ಬೆನ್ನಿಗೆ ಎರಡು ಕೊಟ್ಟು ಕರೆದುಕೊಂಡು ಹೋದಳು.

ಅವರ ಪಟ ಅಂಗಡಿಯ ಪಟದ ಹಾಗೆ ಇರುತ್ತಿರಲಿಲ್ಲ. ಬೆನ್ನಿನ ಕಡ್ಡಿಗೆ ಸೂಲಂಗಿ ದಂಟು. ಕಬ್ಬು ಬೆಳೆಯುವವರಿಗೆ ಸೂಲಂಗಿ ಎಂದರೆ ಹೊಟ್ಟೆಯುರಿ. ಕಬ್ಬು ಹೂ ಬಿಟ್ಟಿತು ಎಂದರೆ ತೂಕ ಹೋಯಿತು ಎಂದೇ ಲೆಕ್ಕ. ಚಳಿಗಾಲದಲ್ಲಿ ಟೈಲರಕ್ಕ ಕುಡುಗೋಲು ಹಿಡಿದು ಗದ್ದೆಗಳಿಗೆ ಹೋಗಿ, “ನಿಮ್ಗೆ ಬ್ಯಾಡಾದ್ದ ನಂಗ್ ಕೊಡಿ,” ಎಂದು ಆ ಹೂವಿನ ದಂಟುಗಳನ್ನು ಕೊಯ್ದು ತಂದು ಅಟ್ಟದ ಮೇಲೆ ಒಣಗಲು ಹಾಕುತ್ತಿದ್ದರು. ಆಷಾಢದ ಹೊತ್ತಿಗೆ ಅವು ನೇರಕ್ಕೆ ನೇರ, ಹಗುರಕ್ಕೆ ಹಗುರ. ಅಡ್ಡಕ್ಕೆ ಬಿಲ್ಲಿನಂತೆ ಬಾಗಿಸಿದ ಬಿದಿರಿನ ಸೀಳು. ಬಾಲಕ್ಕೆ ರವಿಕೆಗಳ ಚೂರು ಬಟ್ಟೆ. ಅಂಟಿಗೆ ರಾಗಿ ಹಿಟ್ಟಿನ ಗಂಜಿ. ಒಮ್ಮೆ ನಮ್ಮಲ್ಲೊಬ್ಬ ಇನ್ನೂ ಬಿಗಿಯಾಗಿ ಹಿಡಿಯಲಿ ಎಂದು ಗಂಜಿಗೆ ಆಲೆಮನೆಯ ಬೆಲ್ಲ ಬೆರೆಸಿದ. ಬೆಳಿಗ್ಗೆ ನೋಡಿದರೆ ಪಟದ ತುಂಬ ಕಟ್ಟಿರುವೆ. “ನಿನ್ ಪಟುಕ್ಕೆ ಗಾಳಿ ಬ್ಯಾಡ ಬುಡು, ಇರುವೆಗಳೇ ಒತ್ಕೊಂಡ್ ಓಯ್ತವೆ,” ಎಂದು ಟೈಲರಕ್ಕ ನಕ್ಕ ನಗು ಬೀದಿಯ ಕೊನೆಗೆ ಕೇಳಿಸಿತು.

ಎಲ್ಲಕ್ಕಿಂತ ಹೆಚ್ಚಿನದು ಅವರ ಟಕ್ಸ್ ಪಟ. ರವಿಕೆ ಮೈಗೆ ಕೂರಲಿ ಎಂದು ಬಟ್ಟೆಯನ್ನು ಅಲ್ಲಲ್ಲಿ ಚಿವುಟಿ ಮಡಿಸಿ ಹೊಲಿಯುತ್ತಾರಲ್ಲ, ಅದು ಟಕ್ಸ್. ಟೈಲರಕ್ಕ ಕಾಗದಕ್ಕೂ ಅದನ್ನೇ ಮಾಡುತ್ತಿದ್ದರು. ಎರಡು ರೆಕ್ಕೆಗಳಿಗೂ ಒಂದೊಂದು ಚಿವುಟು. ಪಟ ಚಪ್ಪಟೆಯಾಗಿರುವುದು ಬಿಟ್ಟು ಸ್ವಲ್ಪ ಹೊಟ್ಟೆ ಬಿಡುತ್ತಿತ್ತು. “ಬರೋ ಗಾಳಿಗೆ ಕೂರಾಕೆ ಜಾಗ ಬೇಕಲ್ವೇನ್ಲಾ? ನಿಂತೇ ಇರು ಅಂದ್ರೆ ಯಾರ್ ಇರ್ತಾರೆ?” ಆ ಪಟ ಮೇಲೇರಿದರೆ ಮೊಳೆ ಹೊಡೆದು ಸಿಕ್ಕಿಸಿದ ಹಾಗೆ ನಿಂತುಬಿಡುತ್ತಿತ್ತು. ನಮ್ಮ ಬೀದಿಯ ಪಟ ಯಾವುದು ಎಂದು ಕಾಲೇಜಿನ ಬಯಲಿನಲ್ಲಿ ನಿಂತವರೂ ಗುರುತು ಹಿಡಿಯುತ್ತಿದ್ದರು.

ಕಲಿಸುವ ಕ್ರಮವೂ ಹೊಲಿಗೆಯದೇ. ಯಾರೂ ಇನ್ನೊಬ್ಬರ ಪಟ ನೋಡಿ ಮಾಡುವಂತಿಲ್ಲ, ಮೊದಲು ಟೇಪು ಹಿಡಿದು ಅಳೆದು ಹಳೆಯ ಪೇಪರಿನ ಮೇಲೆ ಗೀಚಬೇಕು. ಒಂದು ಕಡೆ ದೊಡ್ಡದು ಒಂದು ಕಡೆ ಚಿಕ್ಕದು ಆಯಿತು ಅನ್ನಿ, ನಾವು ದೊಡ್ಡದನ್ನು ಕತ್ತರಿಸಲು ಕತ್ತರಿ ಎತ್ತುತ್ತಿದ್ದೆವು. ಕೈ ಹಿಡಿದುಕೊಳ್ಳುತ್ತಿದ್ದರು. “ದೊಡ್ಡುದ್ನ ಕತ್ರಿಸ್ಬ್ಯಾಡ, ಚಿಕ್ಕುದುಕ್ಕೆ ಪಟ್ಟಿ ಕೊಡು.” ಈ ಮಾತನ್ನು ನಾನು ಆಮೇಲೆ ಅಣ್ಣ ತಮ್ಮಂದಿರ ಜಮೀನು ಪಾಲಿನ ಪಂಚಾಯ್ತಿಯಲ್ಲಿ ಕೂತಾಗಲೂ ಉಪಯೋಗಿಸಿದ್ದೇನೆ. ಎರಡು ಸಲ ಕೆಲಸ ಮಾಡಿತು, ಒಂದು ಸಲ ಎರಡೂ ಕಡೆಯವರು ಸೇರಿ ನನ್ನನ್ನೇ ಬೈದರು.

ಅವರಿಗೆ ಒಂದು ಕಟ್ಟುನಿಟ್ಟಿತ್ತು. ಯಾವ ರವಿಕೆಯನ್ನೂ ತೊಡಿಸಿ ನೋಡದೆ ಕೊಡುತ್ತಿರಲಿಲ್ಲ. ಪಟವನ್ನೂ ಹಾಗೆಯೇ. ಒಂದು ದಿನ ನಾನು ಗಂಜಿಯಲ್ಲಿ ಕೈ ಅದ್ದಿಕೊಂಡು ಕೂತಿದ್ದಾಗ ಮೆಷಿನ್ ತುಳಿಯುತ್ತಲೇ ಹೇಳಿದರು: “ಯಾರ್ಗಾದ್ರೂ ಪಟ ಕೊಟ್ರೆ ಆರ್ಸಿ ಕೊಡ್ರಲಾ. ಆರ್ಸ್ದೆ ಕೊಡ್ಬ್ಯಾಡ್ರಿ.”

ನಮ್ಮ ಕಡೆಯ ಬಾಯಲ್ಲಿ ಹಕಾರಕ್ಕೆ ಜಾಗ ಕಡಿಮೆ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಪಟ ಹಾರಿಸುವುದೂ ಆರ್ಸೋದೇ, ಅಂಟು ಆರಿಸುವುದೂ ಆರ್ಸೋದೇ. ಅವರು ಹೇಳಿದ್ದು ಹಾರಿಸಿ ಕೊಡಿ ಎಂದು. ಕೈತುಂಬ ಹಸಿ ಗಂಜಿ ಮೆತ್ತಿಕೊಂಡಿದ್ದ ನಾನು ಕೇಳಿಸಿಕೊಂಡದ್ದು ಆರಿಸಿ ಕೊಡಿ, ಅಂದರೆ ಅಂಟು ಒಣಗಿಸಿ ಕೊಡಿ ಎಂದು. ನಿಜ ಹೇಳಬೇಕೆಂದರೆ ನನಗೆ ಅರ್ಧ ಗೊತ್ತಿತ್ತು. ಆದರೆ ಒಂದೊಂದು ಪಟವನ್ನೂ ಬಯಲಿಗೆ ಒಯ್ದು ಹಾರಿಸಿ ನೋಡುವುದಕ್ಕಿಂತ ಜಗಲಿಯ ಬಿಸಿಲಲ್ಲಿ ಒಣಗಿಸುವುದು ಸುಲಭ. ಎರಡು ಅರ್ಥವಿರುವ ಮಾತಿನಲ್ಲಿ ತನಗೆ ಅನುಕೂಲವಾದ ಅರ್ಥವನ್ನು ಹಿಡಿದುಕೊಳ್ಳುವ ಗುಣ ನನಗೆ ಆಗಲೇ ಬಂದಿತ್ತು.

ಯಾಕೆಂದರೆ ಆ ಹೊತ್ತಿಗೆ ನಾನು ಶಾಲೆಯಲ್ಲಿ ವ್ಯಾಪಾರ ಶುರು ಮಾಡಿದ್ದೆ. ಕಾಸಿನದಲ್ಲ, ಬದಲಿನದು. ಒಂದು ಟಕ್ಸ್ ಪಟಕ್ಕೆ ಸೈಕಲ್ಲಿನಲ್ಲಿ ಇಪ್ಪತ್ತು ರೌಂಡು. ಇನ್ನೊಂದಕ್ಕೆ ಒಂದು ಚೀಲ ಸೀಬೆಕಾಯಿ. ಇನ್ನೊಂದಕ್ಕೆ ಕಾಂಪಾಸ್ ಬಾಕ್ಸು. ಒಂದೇ ವಾರದಲ್ಲಿ ಹನ್ನೊಂದು ಪಟಕ್ಕೆ ಮಾತು ಕೊಟ್ಟುಬಿಟ್ಟೆ. ಹನ್ನೊಂದನೆಯದು ನಮ್ಮ ಶಾಲೆಯ ಮೇಷ್ಟ್ರೊಬ್ಬರ ಚಿಕ್ಕ ಮಗಳಿಗೆ, ಅವಳು ನನ್ನ ಕ್ಲಾಸಿನವಳೇ. ಅವಳ ಹತ್ತಿರ ಕೊಡಲು ಏನೂ ಇರಲಿಲ್ಲ. ಆಸೆ ಮಾತ್ರ ವಿಪರೀತ. ಕೊನೆಗೆ ಅವರಪ್ಪನ ಸೈಕಲ್ಲಿನ ಹಿತ್ತಾಳೆ ಬೆಲ್ಲನ್ನು ಬಿಚ್ಚಿ ತಂದು ಕೊಟ್ಟಳು. ಸುಮ್ಮನೆ ಇಟ್ಟುಕೊಳ್ಳಬೇಕಾದ ನಾನು ಅದನ್ನು ನಮ್ಮ ಸೈಕಲ್ಲಿಗೆ ಹಾಕಿಸಿ ಬೀದಿಯುದ್ದಕ್ಕೂ ಬಾರಿಸಿದೆ.

ಹನ್ನೊಂದು ಪಟ ಒಂದೊಂದಾಗಿ ಮಾಡಲು ಪುರುಸೊತ್ತಿರಲಿಲ್ಲ. ಟೈಲರಕ್ಕ ಲಂಗದ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಒಂದೇ ಸಲ ಕತ್ತರಿಸುವುದನ್ನು ನೋಡಿದ್ದೆ. ನಾನೂ ಹನ್ನೊಂದು ಹಾಳೆ ಒಂದರ ಮೇಲೊಂದು ಇಟ್ಟು ದೊಡ್ಡ ಕತ್ತರಿ ಹಾಕಿದೆ. ಬಟ್ಟೆ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಕಾಗದ ಜಾರುತ್ತದೆ. ಮೇಲಿನ ಹಾಳೆ ಸರಿಯಾಗಿತ್ತು, ಕೆಳಕ್ಕೆ ಹೋದಂತೆ ಒಂದೊಂದು ರೆಕ್ಕೆ ಮೋಟಾಗುತ್ತ ಹೋಗಿತ್ತು. ನಾನು ಗಮನಿಸಲಿಲ್ಲ. ಕಡ್ಡಿ ಕಟ್ಟಿ, ಅಂಟಿಸಿ, ಇಡೀ ಮಧ್ಯಾಹ್ನ ಬಿಸಿಲಿಗಿಟ್ಟು ಚೆನ್ನಾಗಿ ಆರಿಸಿ ಹನ್ನೊಂದನ್ನೂ ಕೊಟ್ಟೆ. ಮೇಷ್ಟ್ರ ಮಗಳಿಗೆ ಹೋದದ್ದು ಎಲ್ಲಕ್ಕಿಂತ ಅಡಿಯ ಹಾಳೆಯದು.

ಆ ಮೇಷ್ಟ್ರ ದೊಡ್ಡ ಮಗಳ ಮದುವೆ ಶ್ರಾವಣದಲ್ಲಿತ್ತು. ಮದುವೆ ಹೆಣ್ಣಿನ ರವಿಕೆ, ಅತ್ತೆ ಕಡೆಗೆ ಕೊಡುವ ರವಿಕೆ, ಮನೆಯ ಹೆಂಗಸರ ರವಿಕೆ, ಎಲ್ಲ ಟೈಲರಕ್ಕನಿಗೇ ಬಂದಿತ್ತು. ಎರಡು ದೊಡ್ಡ ಚೀಲ ತುಂಬ ಬಟ್ಟೆ. ನೊಣ ಹೊಡೆಯುವ ತಿಂಗಳಲ್ಲಿ ಆ ಚೀಲಗಳನ್ನು ನೋಡಿಕೊಂಡೇ ಅವರು ದಿನ ತಳ್ಳುತ್ತಿದ್ದರು. “ಈ ಮದ್ವೆದು ಒಂದು ಸರಿಯಾಗ್ ಮುಗಿದ್ರೆ ಊರೆಲ್ಲಾ ನನ್ ತಾವ್ಕೇ ಬತ್ತದೆ,” ಎಂದು ನಮಗೇ ಎಷ್ಟೋ ಸಲ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಬಿಸಿಲು ಕಂಡಿತೆಂದು ತಾರಸಿಯ ಮೇಲೆ ಹಳೇ ಸೀರೆ ಹಾಸಿ ಮದುವೆಯ ಸಂಡಿಗೆ ಇಟ್ಟಿದ್ದರು. ಚಿಕ್ಕ ಮಗಳು ಮನೆಯ ಮುಂದೆ ಪಟ ಬಿಟ್ಟಳು. ಅದು ಎಡಕ್ಕೆ ಹೊರಳಿ ಮೋರಿಗೆ ಬಿತ್ತು. ಎತ್ತಿಕೊಂಡು ತಾರಸಿಗೆ ಹತ್ತಿ ಅಲ್ಲಿಂದ ಬಿಟ್ಟಳು. ಮೂರು ಸುತ್ತು ಗಿರಗಿರನೆ ತಿರುಗಿ ನೇರ ಸಂಡಿಗೆಯ ಮೇಲೆ ಬಿತ್ತು. ಗಾಬರಿಯಲ್ಲಿ ಅವಳು ದಾರ ಎಳೆದಳು. ಮೋರಿಯ ನೀರು ಕುಡಿದಿದ್ದ ಬಾಲ ಈ ಕೊನೆಯಿಂದ ಆ ಕೊನೆಗೆ ಇಡೀ ಸಂಡಿಗೆಯನ್ನು ಒರೆಸಿಕೊಂಡು ಹೋಯಿತು.

ಮಧ್ಯಾಹ್ನ ಮೇಷ್ಟ್ರ ಹೆಂಡತಿ ಜಗಲಿಗೆ ಬಂದರು. ಕೈಯಲ್ಲಿ ಅದೇ ಪಟ. ನಾನು ಮೆಷಿನ್ನಿನ ಹಿಂದೆ ಕಡ್ಡಿ ಸೀಳುತ್ತ ಕೂತಿದ್ದೆ.

“ಟೈಲರಮ್ಮ, ಇದು ನಿಮ್ಮನೆ ಪಟ ತಾನೆ?”

ಟೈಲರಕ್ಕ ಇಸ್ಕೊಂಡು ನೋಡಿದರು. ಸೀಳುಗುರನ್ನು ಒಂದು ರೆಕ್ಕೆಯ ಅಂಚಿಗೆ ಹಾಯಿಸಿದರು, ಇನ್ನೊಂದು ರೆಕ್ಕೆಗೆ ಹಾಯಿಸಿದರು. ಅವರಿಗೆ ಅಷ್ಟರಲ್ಲೇ ಎಲ್ಲ ತಿಳಿದುಹೋಯಿತೆಂದು ನನಗೆ ಗೊತ್ತಾಯಿತು.

“ಊಂ ಕಣಮ್ಮ, ನಮ್ಮನೇದೆ.”

“ಯಾವ್ ಹುಡ್ಗುರು ಮಾಡಿದ್ದು? ನನ್ ಮಗಳು ಬಾಯೇ ಬಿಡ್ತಿಲ್ಲ. ಹೇಳಿ ಯಾರು ಅಂತ. ಮದುವೆ ಸಂಡಿಗೆ ಮೇಲೆ ಮೋರಿ ನೀರು! ಇದೇನು ಒಳ್ಳೇ ಸಕುನವಾ?”

ನಾನು ಮೆಷಿನ್ನಿನ ಹಿಂದೆ ಇನ್ನಷ್ಟು ತಗ್ಗಿದೆ. ಹೆಸರು ಹೊರಗೆ ಬಂದರೆ ಹಿಂದೆಯೇ ಬೆಲ್ಲಿನ ಕಥೆಯೂ ಬರುತ್ತದೆ. ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕದ್ದರೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

“ನಮ್ಮನೆ ಪಟ ಅಂದ್ನಲ್ಲಮ್ಮ. ನಂದೇ ತಪ್ಪು. ಸಂಡಿಗೆಗೆ ನಾನೇ ಬಂದು ಹಿಟ್ ತಿರುವ್ ಕೊಡ್ತೀನಿ.”

“ಅದೇನೂ ಬ್ಯಾಡ. ಪಟಾನೇ ಇಂಗೆ ಕತ್ರಿಸೋರು ನನ್ ಮಗಳ ಬ್ಲೌಸು ಎಂಗ್ ಕತ್ರಿಸ್ತೀರೋ. ಬಟ್ಟೆ ವಾಪಸ್ ಕೊಡಿ.”

ಟೈಲರಕ್ಕ ಎದ್ದು ಒಳಗೆ ಹೋಗಿ ಎರಡು ಚೀಲಗಳನ್ನೂ ತಂದರು. ಆಮೇಲೆ ಮೊಳೆಯಿಂದ ಒಂದು ಚೀಟಿ ಕಿತ್ತು ಅದನ್ನೂ ಕೈಗಿಟ್ಟರು. ಅದರ ಮೇಲೆ ನವಿಲಿನ ಗುರುತಿತ್ತು.

“ಹೆಣ್ಣಿನ ಅಳತೆ ಚೀಟಿ. ಒಲಿಯೋ ಟೈಲರ್ಗೆ ಕೊಡಿ, ಇನ್ನೊಂದ್ ಸಲ ಮಗಾನ ನಿಲ್ಸಿ ಅಳೆಯೋದ್ ಬ್ಯಾಡ. ಎಡ್ಗೈ ತೋಳು ಅರ್ಧ ಇಂಚು ದಪ್ಪ ಅದೆ, ನೋಡ್ಕೊಂಡ್ ಒಲೀರಿ ಅಂತ ಏಳಿ.”

ಮೇಷ್ಟ್ರ ಹೆಂಡತಿ ಚೀಲಗಳ ಜೊತೆ ಆ ಪಟವನ್ನೂ ಎತ್ತಿಕೊಂಡು ಹೋದರು. ಬೈಗುಳಕ್ಕೆ ನಾನು ತಯಾರಾಗಿದ್ದೆ, ವಾದವನ್ನೂ ತಯಾರು ಮಾಡಿಕೊಂಡಿದ್ದೆ. ಟೈಲರಕ್ಕ ತಿರುಗಿದ್ದೇ ತಡ ಒದರಿದೆ:

“ನೀನೇ ಅಲ್ವಾ ಅಕ್ಕ ಆರ್ಸಿ ಕೊಡು ಅಂದಿದ್ದು? ಆರ್ಸೇ ಕೊಟ್ಟಿವ್ನಿ. ಮದ್ಯಾನ್ದಿಂದ ಸಾಯಂಕಾಲ್ದಗಂಟ ಬಿಸ್ಲಲ್ಲಿ ಮಡಗಿದ್ದೆ!”

ಒಂದು ಕ್ಷಣ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ತುಟಿ ಕಚ್ಚಿಕೊಂಡರು, ತಡೆಯಲಾಗದೆ ನಕ್ಕೇಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡರು. ಅದು ಬರೀ ನಗುವಿನ ನೀರಲ್ಲ ಎನ್ನುವುದು ಹದಿಮೂರರ ನನಗೂ ತಿಳಿಯಿತು.

“ಎಷ್ಟ್ ಕೊಟ್ಟಿದೀಯ?”

“ಅನ್ನೊಂದು.”

“ಅನ್ನೊಂದ್ನೂ ಇಸ್ಕೊಂಡ್ ಬಾ. ಬಿಚ್ಚು, ಸರಿ ಮಾಡು, ಅವರ ಕಣ್ಮುಂದೆ ಮೇಲಕ್ಕೆ ಬುಟ್ಟು ದಾರ ಕೈಗ್ ಕೊಡು.”

“ನೀನೂ ಬಾ ಅಕ್ಕ. ಮೇಷ್ಟ್ರ ಮನೇಗಾದ್ರೂ ಬಾ.”

“ನಾನ್ಯಾಕ್ ಬರ್ಲಿ? ಎಸ್ರು ನಂದು, ಅದ ನಾನ್ ನೋಡ್ಕೋತೀನಿ. ಪಟ ನಿಂದು, ನೀನ್ ನೋಡ್ಕೊ.”

ಹತ್ತು ಪಟ ವಾಪಸ್ ತರಲು ನಾಲ್ಕು ದಿನ ಹಿಡಿಯಿತು. ಮಾರುವುದಕ್ಕಿಂತ ವ್ಯಾಪಾರ ತಿರುಗಿಸುವುದು ಎಷ್ಟು ಕಷ್ಟ ಎನ್ನುವುದನ್ನು ಅಂಗಡಿ ಇಡುವ ಹುಡುಗರೆಲ್ಲ ಒಮ್ಮೆ ಕಲಿಯಬೇಕು. ಸೈಕಲ್ಲಿನವನು, “ಪಟ ತಗ, ಆದ್ರೆ ನೀನ್ ಒಡ್ದಿರೋ ರೌಂಡ್ನ ಎಂಗ್ಲಾ ವಾಪಸ್ ಕೊಡ್ತೀಯ?” ಎಂದ. ಅವನನ್ನು ಸೈಕಲ್ಲಿನ ಮೇಲೆ ಕೂರಿಸಿ ಕಾಲೇಜಿನ ಬಯಲಿನಲ್ಲಿ ಇಪ್ಪತ್ತು ಸುತ್ತು ತಳ್ಳಿದೆ. ಸೀಬೆಕಾಯಿ ತಿಂದಾಗಿತ್ತು, ಅವನಿಗೆ ಎರಡು ಪಟ ಮಾಡಿಕೊಟ್ಟೆ. ಮೋಟು ರೆಕ್ಕೆಗಳಿಗೆಲ್ಲ ಪಟ್ಟಿ ಕೊಟ್ಟು, ಸೂತ್ರದ ಗಂಟುಗಳನ್ನು ಬಿಚ್ಚಿ ಮತ್ತೆ ಕಟ್ಟಿ, ಕಬ್ಬು ಕಡಿದ ಗದ್ದೆಯಲ್ಲಿ ಕೂಳೆ ಅಂಗಾಲಿಗೆ ಚುಚ್ಚಿದರೂ ಓಡಿ ಓಡಿ ಹಾರಿಸಿದೆ. ಟೈಲರಕ್ಕ ಒಂದು ಗಂಟನ್ನೂ ಮುಟ್ಟಲಿಲ್ಲ. ಕೇಳಿದರೆ ಮಾತ್ರ ಹೇಳುತ್ತಿದ್ದರು. ಆ ದಿನಗಳಲ್ಲಿ ಅವರ ಮೆಷಿನ್ನಿಗೆ ಬಂದ ಕೆಲಸ ಯಾರದೋ ಹರಿದ ದಿಂಬಿನ ಚೀಲಗಳು. ಸಂಡಿಗೆಯ ಸುದ್ದಿ ಬೀದಿ ದಾಟಿ ಹೋಗಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಟ್ಟೆ ಕೊಟ್ಟಿದ್ದ ಇನ್ನಿಬ್ಬರು, ಆಮೇಲೆ ಕೊಡುತ್ತೇವೆ ಎಂದು ವಾಪಸ್ ಒಯ್ದಿದ್ದರು. ನನ್ನ ಕೈಯ ಕೊಳಕು ಅವರ ಕೈಗೆ ಅಂಟಿತ್ತು.

ಉಳಿದದ್ದು ಮೇಷ್ಟ್ರ ಮನೆ. ಮೊದಲು ಬೆಲ್ಲಿನ ಪಾಪ ಕಳೆಯಬೇಕು. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ ಸೈಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೆಲ್ಲು ಬಿಗಿಯುತ್ತಿದ್ದೆ. ಸ್ಪ್ಯಾನರ್ ಜಾರಿ ಬೆಲ್ಲು ಟ್ರಿಣ್ ಅಂದಿತು. ಒದ್ದೆ ತಲೆಯಲ್ಲೇ ಮೇಷ್ಟ್ರು ಬಂದು ನಿಂತರು.

“ಏನಪ್ಪಾ ಇದು?”

ಬಾಯಿಗೆ ಬಂದ ಸುಳ್ಳು ನಾಲಗೆಯ ಮೇಲೇ ನಿಂತಿತು. ಪಟದಿಂದ ಹಿಡಿದು ಸಂಡಿಗೆಯವರೆಗೆ ಎಲ್ಲ ಹೇಳಿಬಿಟ್ಟೆ. ಅವರು ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ ಕೇಳಿದರು.

“ಬೆಲ್ ಕದಿಯೋರ್ನ ನೋಡಿದ್ದೆ. ತಂದು ಹಾಕಿ ಸಿಕ್ಕಾಕ್ಕೊಂಡವನ್ನ ಇವತ್ತೇ ನೋಡಿದ್ದು. ಬಿಗಿ, ಬಿಗಿ, ಸಡ್ಲ ಬಿಡಬೇಡ.”

“ಸಾರ್, ಪಟ ಕೊಡಿ ಸಾರ್, ಸರಿ ಮಾಡ್ಕೊಡ್ತೀನಿ.”

“ಅದು ಎಲ್ಲೈತಪ್ಪ? ನಮ್ಮನೆಯವ್ರು ನೀರೊಲೆಗೆ ಹಾಕ್ಬಿಟ್ರಲ್ಲ.”

ಹೊಸದನ್ನೇ ಮಾಡಬೇಕಾಯಿತು. ಅಳೆದು, ಹಳೆಯ ಪೇಪರಿನ ಮೇಲೆ ಗೀಚಿ, ಒಂದೇ ಹಾಳೆಯನ್ನು ನಡುವೆ ಮಡಿಸಿ ಕತ್ತರಿಸಿದೆ. ಟಕ್ಸ್ ಹಿಡಿದೆ. ಮೂರು ಸಲ ಹಾರಿಸಿದೆ, ಮೂರು ಸಲ ಇಳಿಸಿ ಸೂತ್ರ ಬಿಚ್ಚಿ ಕಟ್ಟಿದೆ. ಆದರೆ ಮೇಷ್ಟ್ರ ಹೆಂಡತಿ ಮಗಳನ್ನು ಬೀದಿಗೆ ಬಿಡುತ್ತಿರಲಿಲ್ಲ. ಆಷಾಢ ಮುಗಿಯಲು ಎರಡೇ ದಿನ, ಗಾಳಿಯೂ ಸೋಲುತ್ತ ಬಂದಿತ್ತು. ದಾರ ಕೈಗೆ ಕೊಡು ಎಂದಿದ್ದರು ಟೈಲರಕ್ಕ. ಮನೆಯೊಳಗಿರುವವಳ ಕೈಗೆ ಹಾರುವ ಪಟದ ದಾರ ಕೊಡುವುದು ಹೇಗೆ?

ಅವರ ಮನೆಯ ಪಡುವಣಕ್ಕೆ ಗದ್ದೆ ಬಯಲು, ಆ ಕಡೆ ಕರೆಂಟು ತಂತಿ ಇರಲಿಲ್ಲ. ಸಂಜೆ ನಾಲ್ಕರ ಗಾಳಿಗೆ ಗದ್ದೆಯಲ್ಲಿ ಪಟ ಬಿಟ್ಟೆ. ಅದು ಮೇಲೇರಿ, ಅವರ ತಾರಸಿ ದಾಟಿ, ಬೀದಿಯ ಮೇಲೆ ಹೋಗಿ ನಿಂತಿತು. ದಾರ ಸುತ್ತಿದ ಕೋಲನ್ನು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಅವರ ಗೋಡೆಯವರೆಗೆ ಬಂದೆ. ಗೋಡೆಗೆ ಒರಗಿಸಿದ್ದ ನುಗ್ಗೆಕಾಯಿ ಕೀಳುವ ದೋಟಿಗೆ ಆ ಕೋಲನ್ನು ಬಿಗಿಯಾಗಿ ಕಟ್ಟಿ ಮೇಲಕ್ಕೆ ಎತ್ತಿದೆ. ತಾರಸಿಯ ಅಂಚಿನಲ್ಲಿ ಎರಡು ಜಡೆ ಕಾಣಿಸಿದವು.

“ಇಡ್ಕೊ! ಬುಡ್ಬ್ಯಾಡ!”

ಅವಳು ಗಂಟು ಬಿಚ್ಚಿ ಕೋಲು ಹಿಡಿದುಕೊಂಡಳು. ಪಟ ಒಮ್ಮೆ ಬಗ್ಗಿ ಮತ್ತೆ ಎದ್ದು ನಿಂತಿತು. ಅವಳ ಕಿರುಚಾಟಕ್ಕೆ ಅವರಮ್ಮ ಮೇಲೆ ಓಡಿ ಬಂದರು. ಕೆಳಗೆ ನಾನು ದೋಟಿ ಹಿಡಿದು ಗೋಡೆಗೆ ಅಂಟಿಕೊಂಡೆ. ಹಿಂದೆ ಸರಿದು ನೋಡಿದರೆ, ಕೋಲು ತಾಯಿಯ ಕೈಯಲ್ಲಿತ್ತು.

“ಎಲೆಲೆಲೆ, ಎಳೀತದಲ್ಲೇ ಇದು!” ಅಂದರು ಮೇಷ್ಟ್ರ ಹೆಂಡತಿ. ಆಮೇಲೆ ನೆನಪಾದವರಂತೆ, “ಸಾಕು ಇಳ್ಸು, ಸಂಡಿಗೆ ಅದೆ ಇಲ್ಲಿ,” ಎಂದರು. ಹಾಗೆಂದವರು ಮತ್ತೂ ಹತ್ತು ನಿಮಿಷ ಕೋಲು ಬಿಡಲಿಲ್ಲ.

ಟೈಲರಕ್ಕನ ಜಗಲಿಗೆ ಒಂದೇ ಉಸಿರಿಗೆ ಓಡಿದೆ. ಹೇಳಲು ಬಾಯಿ ತೆರೆಯುವ ಮೊದಲೇ ಅವರು, “ಕಾಣ್ತು ಇಲ್ಲಿಂದ್ಲೇ,” ಎಂದರು. “ಬಾಲ ಅರ್ಧ ಮೊಳ ಜಾಸ್ತಿ ಆಗದೆ.” ಆಮೇಲೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದರು.

ಕಥೆಗಳಲ್ಲಾದರೆ ಮದುವೆಯ ಬಟ್ಟೆ ಮರುದಿನವೇ ವಾಪಸ್ ಬರುತ್ತಿತ್ತು. ಬರಲಿಲ್ಲ. ಬೇರೆ ಟೈಲರು ಆಗಲೇ ಕತ್ತರಿ ಹಾಕಿಯಾಗಿತ್ತು. ಆ ಶ್ರಾವಣ ಟೈಲರಕ್ಕ ಸೀರೆಗೆ ಫಾಲ್ಸು ಹಚ್ಚಿಕೊಂಡೇ ಕಳೆದರು. ಹೋದದ್ದು ಹೋಯಿತು, ಅದನ್ನು ನಾನು ಯಾವ ಪಟದಿಂದಲೂ ತುಂಬಿಕೊಡಲಾಗಲಿಲ್ಲ. ಗೌರಿ ಹಬ್ಬಕ್ಕೆ ಮೇಷ್ಟ್ರ ಹೆಂಡತಿ ಒಂದು ರವಿಕೆ ಕೊಟ್ಟು ಪರೀಕ್ಷೆ ನೋಡಿದರು. ದೀಪಾವಳಿಯ ಹೊತ್ತಿಗೆ ನವಿಲಿನ ಚೀಟಿ ತಿರುಗಿ ಮೊಳೆಗೆ ಬಂತು. ಉಳಿದವರು ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಬರಲು ಒಂದೂವರೆ ವರ್ಷವಾಯಿತು. ಹಾಳು ಮಾಡಲು ನನಗೆ ಒಂದು ಮಧ್ಯಾಹ್ನ ಸಾಕಾಗಿತ್ತು.

ನಾನು ಪಿಯುಸಿಗೆ ಓದು ನಿಲ್ಲಿಸಿದೆ. ಈಗ ಮದ್ದೂರಿನಲ್ಲಿ ಹಳೆಯ ಪವರ್ ಟಿಲ್ಲರು, ಪಂಪ್‌ಸೆಟ್ಟು ಕೊಂಡು ರಿಪೇರಿ ಮಾಡಿಸಿ ಮಾರುತ್ತೇನೆ. ಚೌಕಾಸಿಯಲ್ಲಿ ನನ್ನನ್ನು ಬಗ್ಗಿಸುವವರು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾವ ಯಂತ್ರವೂ ರೈತನ ಗದ್ದೆಯಲ್ಲಿ, ಅವನ ಕೈಯಲ್ಲೇ ಒಂದು ಗಂಟೆ ಓಡದೆ ನನ್ನಿಂದ ಮಾರಾಟವಾಗುವುದಿಲ್ಲ. ಹಳೆಯ ಯಂತ್ರ ಕೊಳ್ಳುವವರಿಗೆ ನನ್ನ ಬುದ್ಧಿಮಾತೂ ಇದೇ: ಅಂಗಡಿಯ ಮುಂದೆ ಸ್ಟಾರ್ಟ್ ಮಾಡಿ ತೋರಿಸಿದರೆ ನಂಬಬೇಡಿ, ನಿಮ್ಮ ಕೆಸರಿಗೆ ಇಳಿಸಿ ಎನ್ನಿ. ಮಾರುವವನು ಒಪ್ಪದಿದ್ದರೆ ಎದ್ದು ಬನ್ನಿ. ಈ ನಡತೆಯಿಂದ ಕೆಲವು ವ್ಯಾಪಾರ ತಪ್ಪಿವೆ. ಆದರೆ ಇಷ್ಟು ವರ್ಷಗಳಲ್ಲಿ ಯಾರೂ ಯಂತ್ರ ಹೊತ್ತುಕೊಂಡು ಬೈಯಲು ಬಂದಿಲ್ಲ. ನನ್ನ ಮನೆ ನಿಂತಿರುವುದು ಆ ನಂಬಿಕೆಯ ಮೇಲೆ, ಆ ನಂಬಿಕೆ ಬಂದದ್ದು ಆ ಜಗಲಿಯಿಂದ.

ಗಂಡ ತೀರಿಕೊಂಡು, ಸಕ್ಕರೆ ಕಾಯಿಲೆಯಿಂದ ಕಣ್ಣೂ ಮಂಜಾದ ಮೇಲೆ ಟೈಲರಕ್ಕ ಮಳವಳ್ಳಿಗೆ ಮಗಳ ಮನೆಗೆ ಹೋದರು. ಆ ಕಡೆ ಕೆಲಸ ಬಿದ್ದಾಗಲೆಲ್ಲ ಹೋಗಿ ಕೂತು ಬರುತ್ತಿದ್ದೆ. ಹೋದ ವರ್ಷ ಒಂದು ದಿನ, ಇಷ್ಟು ಕಾಲ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

“ಅಕ್ಕ, ಅವತ್ತು ನನ್ ಹೆಸರು ಯಾಕೆ ಹೇಳ್ಲಿಲ್ಲ? ಹೇಳಿದ್ದಿದ್ರೆ ಮದುವೆ ಬಟ್ಟೆ ಉಳೀತಿತ್ತು.”

“ಯಾವತ್ಲಾ? ಓ, ಸಂಡಿಗೆ ದಿನ್ವಾ.” ನಕ್ಕರು. ಮಂಜುಗಣ್ಣು ನನ್ನ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತಿತ್ತು. “ಏಳಿದ್ರೆ ನೀನು ನಾಳೀಕೆ ಜಗಲಿಗೆ ಬತ್ತಿದ್ಯಾ?”

“ಇಲ್ಲ.”

“ಮತ್ತೆ? ನೀನ್ ಬರ್ದಿದ್ರೆ ಆ ಪಟ ಸರಿ ಮಾಡೋರು ಯಾರ್ಲಾ?”

ಇಷ್ಟೇ. ನನ್ನ ಮರ್ಯಾದೆ ಕಾಯಲು ಎಂದಲ್ಲ, ದೊಡ್ಡತನಕ್ಕೆಂದಲ್ಲ. ಕೆಲಸ ಅರ್ಧಕ್ಕೆ ನಿಲ್ಲಬಾರದು, ಅದಕ್ಕೆ ಕೆಲಸಗಾರ ತಪ್ಪಿಸಿಕೊಂಡು ಹೋಗಬಾರದು. ಅದಕ್ಕೆ ಅವರು ತೆತ್ತದ್ದು ಒಂದೂವರೆ ವರ್ಷದ ಹೆಸರು. ಬಗ್ಗಿ ಅವರ ಕಾಲು ಮುಟ್ಟಿದೆ. “ಏಳು ಏಳು, ಬಸ್ಸು ಒಂಟೋಯ್ತದೆ,” ಎಂದರು. ನಾನು ಬೈಕಿನಲ್ಲಿ ಬಂದಿದ್ದೆ.

ಈ ಮಾಘದಲ್ಲಿ ಒಂದು ಮಧ್ಯಾಹ್ನ ಟೈಲರಕ್ಕನ ಮಗಳ ಫೋನು ಬಂತು. ನಿಡಘಟ್ಟದ ರೈತರೊಬ್ಬರ ಜೊತೆ ಟಿಲ್ಲರಿನ ಮಾತು ಇನ್ನೇನು ಕುದುರುವುದರಲ್ಲಿತ್ತು. ಅವರನ್ನು ಹಾಗೇ ಬಿಟ್ಟು ಹೊರಟೆ. ಮಳವಳ್ಳಿ ಸೇರುವಾಗ ಚಟ್ಟ ಸಿದ್ಧವಾಗಿತ್ತು. ಒಂದು ಕಡೆಗೆ ಅಳಿಯ, ಮತ್ತೆರಡು ಕಡೆಗೆ ಅವರ ಸಂಬಂಧಿಕರು ನಿಂತಿದ್ದರು. ನಾಲ್ಕನೆಯ ಹೆಗಲಿಗೆ ಯಾರು ಎಂದು ಹಿರಿಯರೊಬ್ಬರು ಸುತ್ತ ನೋಡಿ, ನನ್ನ ಮೇಲೆ ಕಣ್ಣು ನಿಲ್ಲಿಸಿ, “ಇವರ್ಯಾರಮ್ಮ? ನಿಮ್ಗೇನಾಗ್ಬೇಕು?” ಎಂದು ಮಗಳನ್ನು ಕೇಳಿದರು.

ಮಗಳು ಅಳುವಿನ ನಡುವೆಯೇ ನನ್ನ ಹೆಸರು ಹಿಡಿದು ಕೂಗಿದಳು. “ಬಾ ತಮ್ಮ, ನೀನೇ ಹೆಗಲು ಕೊಡು,” ಎಂದಳು.

ಚಪ್ಪಲಿ ಬಿಟ್ಟು ಮುಂದೆ ಹೋದೆ.